ತೋಟದ ಸರ್ವೆ ನಂಬರ್ ‘12-ಮಾರ್ಚ್’ ಆದದ್ದು ಹೇಗೆ? ಡೆವ್ ಮತ್ತು ಪ್ರೊಡ್ ಫೈಲುಗಳನ್ನು ಹೋಲಿಸಿ ನೋಡುವ ಬಗೆ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಸೊಸೈಟಿಯಲ್ಲಿ ಬೆಳೆ ಸಾಲದ ಹೊಸ ಸಾಫ್ಟ್‌ವೇರ್ ಚಾಲೂ ಆಯಿತು. ಮೊದಲ ವಾರದಲ್ಲೇ ಸದಸ್ಯರೊಬ್ಬರು ಕೌಂಟರಿನಲ್ಲಿ ಪ್ರಿಂಟ್ ತೆಗೆಸಿಕೊಂಡು ನೋಡುತ್ತಾರೆ, ಸರ್ವೆ ನಂಬರ್ ಇರಬೇಕಾದ ಜಾಗದಲ್ಲಿ ‘12-ಮಾರ್ಚ್’ ಎಂದಿದೆ. ಅವರ ಪಹಣಿಯಲ್ಲಿ ಇರುವುದು 12/3. “ನನ್ನ ತೋಟಕ್ಕೆ ಹುಟ್ಟಿದಹಬ್ಬ ಯಾವಾಗ ಬಂತು ಮಾರಾಯ?” ಎಂದು ಅವರು ಕೇಳಿದರೆ ಕೌಂಟರಿನ ಹುಡುಗನ ಉತ್ತರ: “ಟೆಸ್ಟ್ ಮಾಡುವಾಗ ಸರಿ ಇತ್ತು ಅಣ್ಣ.”

ಹುಡುಗ ಸುಳ್ಳು ಹೇಳಿರಲಿಲ್ಲ. ಟೆಸ್ಟ್ ಮಾಡಿದ ಕಂಪ್ಯೂಟರಿನಲ್ಲಿ ಇವತ್ತಿಗೂ 12/3 ಎಂದೇ ಇತ್ತು. ಸಾಫ್ಟ್‌ವೇರ್ ಎರಡೂ ಕಡೆ ಒಂದೇ. ಬೇರೆಯಾಗಿದ್ದದ್ದು ಅದು ಓದುತ್ತಿದ್ದ ಫೈಲ್.

ಈ ಬಗೆಯ ಫಜೀತಿ ಈಗ ಸುಮಾರು ಊರುಗಳ ಬಾಗಿಲಿಗೆ ಬಂದಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಹಳೆ ಲೆಡ್ಜರಿನ, ಹಳೆ ಕಂಪ್ಯೂಟರಿನ ಲೆಕ್ಕವೆಲ್ಲ ಹೊಸ ವ್ಯವಸ್ಥೆಗೆ ಹೋಗಬೇಕು. ಹೋಗುವ ದಾರಿಯಲ್ಲಿ ಏನಾಯಿತು ಎಂದು ನೋಡುವ ಕೆಲಸಕ್ಕೆ ಫೈಲ್ ಹೋಲಿಕೆ ಎನ್ನುತ್ತಾರೆ. ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಇದೇ ಆದ್ದರಿಂದ, ಸೊಸೈಟಿಯ ಸದಸ್ಯರೊಬ್ಬರಿಗೆ ಜಗುಲಿಯಲ್ಲಿ ಕೂತು ಹೇಳಿದಂತೆ ಇಲ್ಲಿ ಹೇಳುತ್ತೇನೆ.

## ತಾಲೀಮು ಮತ್ತು ಆಟ

ಸಾಫ್ಟ್‌ವೇರ್ ಬರೆಯುವವರು ಒಂದೇ ವ್ಯವಸ್ಥೆಯ ಎರಡು ಪ್ರತಿ ಇಟ್ಟುಕೊಳ್ಳುತ್ತಾರೆ. ಬರೆದು, ಕೆಡಿಸಿ, ಮತ್ತೆ ಬರೆದು ನೋಡುವ ಪ್ರತಿ ಡೆವಲಪ್‌ಮೆಂಟ್, ಬಾಯಿಮಾತಿನಲ್ಲಿ ಡೆವ್. ಜನ ನಿಜವಾಗಿ ಬಳಸುವ ಪ್ರತಿ ಪ್ರೊಡಕ್ಷನ್, ಅಂದರೆ ಪ್ರೊಡ್. ಯಕ್ಷಗಾನದ ತಾಲೀಮಿನಲ್ಲಿ ಹೆಜ್ಜೆ ತಪ್ಪಿದರೆ ಭಾಗವತರು ತಾಳ ನಿಲ್ಲಿಸಿ ಇನ್ನೊಮ್ಮೆ ಕುಣಿಸುತ್ತಾರೆ. ರಾತ್ರಿ ಆಟದಲ್ಲಿ ನಿಲ್ಲಿಸುವಂತಿಲ್ಲ. ಡೆವ್ ತಾಲೀಮು, ಪ್ರೊಡ್ ರಂಗಸ್ಥಳ. ನಡುವೆ ಟೆಸ್ಟ್, ಸ್ಟೇಜಿಂಗ್ ಎಂಬ ಮೆಟ್ಟಿಲುಗಳೂ ಇರುತ್ತವೆ. ಅವು ವೇಷ ಕಟ್ಟಿಕೊಂಡು ಮಾಡುವ ತಾಲೀಮು ಅಂದುಕೊಳ್ಳಿ.

ಹೊಸ ಸಾಫ್ಟ್‌ವೇರ್ ಡೆವ್‌ನಿಂದ ಪ್ರೊಡ್‌ಗೆ ಹೋಗುವಾಗ ಅದರ ಜೊತೆ, ಅಥವಾ ಅದಕ್ಕಿಂತ ಮೊದಲೇ, ದತ್ತಾಂಶದ ಫೈಲುಗಳೂ ಹೋಗುತ್ತವೆ. ಇವುಗಳಲ್ಲಿ ಮೂರು ಜಾತಿ ಇದೆ. ಮುಂದಿನದೆಲ್ಲ ಅರ್ಥವಾಗಲು ಇದು ಗೊತ್ತಿರಬೇಕು.

ಒಂದು ಜಾತಿ, ಹೆಚ್ಚು ಬದಲಾಗದ ಪಟ್ಟಿಗಳು: ತಾಲ್ಲೂಕುಗಳ ಹೆಸರು, ಬಡ್ಡಿ ದರದ ಕೋಷ್ಟಕ, ಅಡಿಕೆಯ ಬೆಟ್ಟೆ, ಗೊರಬಲು, ರಾಶಿ, ಸರಕು ಎಂಬ ವಿಂಗಡಣೆ. ಇವು ಎರಡೂ ಕಡೆ ಒಂದೇ ಇರಬೇಕು. ಇನ್ನೊಂದು ಜಾತಿ ಸೆಟ್ಟಿಂಗ್‌ಗಳು: ಡೇಟಾಬೇಸ್ ಯಾವ ಯಂತ್ರದಲ್ಲಿದೆ, ಎಸ್‌ಎಂಎಸ್ ಕಳಿಸಬೇಕೋ ಬೇಡವೋ. ಇವು ಬೇರೆಯೇ ಇರಬೇಕು. ಡೆವ್‌ನಲ್ಲಿ ಎಸ್‌ಎಂಎಸ್ ಚಾಲೂ ಇಟ್ಟರೆ ಯಾರೋ ಪರೀಕ್ಷೆಗೆ ಒತ್ತಿದ ಗುಂಡಿಗೆ ಊರವರ ಫೋನಿನಲ್ಲೆಲ್ಲ ‘ನಿಮ್ಮ ಸಾಲ ಬಾಕಿ’ ಎಂದು ಮೆಸೇಜು ಬರುತ್ತದೆ. ಮೂರನೆಯದು ದಿನದಿನದ ವ್ಯವಹಾರ, ಜಮಾ ಖರ್ಚು. ಅದು ಪ್ರೊಡ್‌ನಲ್ಲಿ ಕ್ಷಣಕ್ಷಣಕ್ಕೆ ಬೆಳೆಯುತ್ತದೆ, ಡೆವ್‌ನಲ್ಲಿ ಬೆಳೆಯುವುದಿಲ್ಲ.

ಹಾಗಾಗಿ ‘ಎರಡು ಫೈಲ್ ಬೇರೆ ಇವೆ’ ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಬೇರೆ ಇರಬೇಕಾದದ್ದು ಒಂದೇ ಆಗಿದ್ದರೆ ಅದೂ ತಪ್ಪೇ. ನನ್ನ ಅನುಭವದಲ್ಲಿ ಎಡವುವವರಲ್ಲಿ ಹೆಚ್ಚಿನವರು ಹೋಲಿಸಲು ಬಾರದೆ ಎಡವುವುದಿಲ್ಲ. ಯಾವುದು ಒಂದೇ ಇರಬೇಕು, ಯಾವುದು ಇರಬಾರದು ಎಂದು ಮೊದಲು ಬರೆದಿಟ್ಟುಕೊಳ್ಳದೆ ಎಡವುತ್ತಾರೆ.

## ಒಂದು ಫೈಲಿನಿಂದ ಏನಾದೀತು?

2024ರ ಜುಲೈ 19. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಒಂದು ಫೈಲ್ ಕಳಿಸಿತು. ಹೊಸ ಪ್ರೋಗ್ರಾಂ ಅಲ್ಲ, ಇದ್ದ ಪ್ರೋಗ್ರಾಂ ಓದಬೇಕಾದ ಫೈಲ್. ಆ ಫೈಲಿನ ನಮೂನೆಯಲ್ಲಿ 21 ಖಾನೆ. ಅದನ್ನು ಓದುವ ಪ್ರೋಗ್ರಾಂ ಕೈಯಲ್ಲಿ ಇದ್ದದ್ದು 20ರ ಮಾಹಿತಿ. ಅದಕ್ಕೂ ಮುಂಚಿನ ಪರೀಕ್ಷೆಗಳಲ್ಲಿ 21ನೆಯ ಖಾನೆಗೆ ‘ಏನಿದ್ದರೂ ಸರಿ’ ಎಂದು ಹಾಕಿದ್ದರಿಂದ ಕೊರತೆ ಹೊರಗೆ ಬಂದಿರಲೇ ಇಲ್ಲ. ಇಲ್ಲದ ಖಾನೆಯನ್ನು ಓದಲು ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. 78 ನಿಮಿಷದಲ್ಲಿ ಕಂಪನಿ ಫೈಲನ್ನು ಹಿಂತೆಗೆದುಕೊಂಡಿತು, ಆದರೆ ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಅಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಇದೇ ಕಾರಣಕ್ಕೆ.

## ಮೊದಲು ಚೀಲ ಎಣಿಸಿ

ಮಂಡಿಗೆ ನೂರು ಚೀಲ ಅಡಿಕೆ ಕಳಿಸಿದಿರಿ. ಅಲ್ಲಿ ತಲುಪಿದ್ದು ಅದೇ ಅಡಿಕೆಯೇ ಎಂದು ತಿಳಿಯಲು ಒಂದೊಂದು ಅಡಿಕೆಯನ್ನೂ ಯಾರೂ ಎಣಿಸುವುದಿಲ್ಲ. ಚೀಲ ಎಣಿಸುತ್ತಾರೆ, ತೂಗುತ್ತಾರೆ, ಸಂಶಯ ಬಂದ ಚೀಲದ ಬಾಯಿ ಬಿಚ್ಚುತ್ತಾರೆ.

ಫೈಲಿಗೂ ಅದೇ ಕ್ರಮ. ಎರಡೂ ಕಡೆ ಎಷ್ಟು ಫೈಲ್ ಇವೆ, ಪ್ರತಿಯೊಂದರಲ್ಲೂ ಎಷ್ಟು ಸಾಲು, ಎಷ್ಟು ಕಾಲಂ ಎಂದು ಮೊದಲು ನೋಡುವುದು. ಆಮೇಲೆ ಮೊತ್ತ: ಎಲ್ಲ ಸದಸ್ಯರ ಸಾಲದ ಬಾಕಿ ಕೂಡಿದರೆ ಎರಡೂ ಕಡೆ ಒಂದೇ ಬರುತ್ತದೆಯೇ? ಬಂದರೂ ನೆಮ್ಮದಿಯಾಗಿ ಮಲಗುವ ಹಾಗಿಲ್ಲ. ಇಬ್ಬರ ಬಾಕಿ ಅದಲುಬದಲಾದರೂ ಮೊತ್ತ ಒಂದೇ ಇರುತ್ತದೆ.

ಇಡೀ ಫೈಲಿಗೆ ಒಂದೇ ಏಟಿಗೆ ‘ಹೌದು, ಅದೇ’ ಎನ್ನಲು ಹ್ಯಾಶ್ ಎಂಬುದಿದೆ. ಫೈಲನ್ನು ಒಂದು ಗಣಿತದ ಗಿರಣಿಗೆ ಹಾಕಿದರೆ ಆಚೆ ಕಡೆಯಿಂದ ಒಂದು ಉದ್ದನೆ ಗುರುತು ಬರುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಶಾ-256 ಎಂಬ ವಿಧಾನದಲ್ಲಿ ಫೈಲ್ ಒಂದು ಪುಟದ್ದಿರಲಿ, ಲಕ್ಷ ಪುಟದ್ದಿರಲಿ, ಗುರುತು 64 ಅಕ್ಷರವೇ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಇಡೀ ಗುರುತು ಗುರುತೇ ಸಿಗದ ಹಾಗೆ ಬದಲಾಗುತ್ತದೆ. ಎರಡು ಬೇರೆ ಫೈಲುಗಳಿಗೆ ಅಪ್ಪಿತಪ್ಪಿ ಒಂದೇ ಗುರುತು ಬರುವ ಭಯ ಬೇಡ, ಸಾಧ್ಯವಿರುವ ಗುರುತುಗಳ ಸಂಖ್ಯೆಯೇ 78 ಅಂಕಿಯದು. 1992ರ ಎಂಡಿ5 ಎಂಬ ಹಳೆಯ ವಿಧಾನ ಈಗಲೂ ಅಲ್ಲಲ್ಲಿ ಕಾಣುತ್ತದೆ. ಬೇಕೆಂದೇ ಒಂದೇ ಗುರುತು ಬರುವಂತೆ ಎರಡು ಫೈಲ್ ಮಾಡಬಹುದು ಎಂದು 2004ರಲ್ಲಿ ಚೀನಾದ ಸಂಶೋಧಕರು ತೋರಿಸಿದ ಮೇಲೆ ಭದ್ರತೆಯ ಕೆಲಸಕ್ಕೆ ಅದನ್ನು ನಂಬುವುದಿಲ್ಲ.

ಹ್ಯಾಶ್ ಒಂದೇ ಬಂದರೆ ಕೆಲಸ ಮುಗಿಯಿತು. ಬೇರೆ ಬಂದರೆ ಅದು ‘ಬೇರೆ’ ಎನ್ನುತ್ತದೆಯೇ ಹೊರತು ಎಲ್ಲಿ ಎಂದು ಬಾಯಿ ಬಿಡುವುದಿಲ್ಲ. ಆಗ ಚೀಲ ಬಿಚ್ಚಬೇಕು.

## ಸಾಲಿಗೆ ಸಾಲು

ಬಿಚ್ಚಿ ನೋಡುವ ಹಳೆಯ, ಗಟ್ಟಿ ಉಪಕರಣದ ಹೆಸರು ಡಿಫ್. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಗ್ಲಸ್ ಮೆಕ್‌ಇಲ್ರಾಯ್ ಇದನ್ನು ಬರೆದರು. ಜೇಮ್ಸ್ ಹಂಟ್ ಜೊತೆ ಸೇರಿ ಅದರ ಒಳಗುಟ್ಟನ್ನು 1976ರಲ್ಲಿ ಪ್ರಕಟಿಸಿದರು. ಆ ಗುಟ್ಟು ಚಂದವಾಗಿದೆ, ಸ್ವಲ್ಪ ನಿಂತು ನೋಡೋಣ.

ಡೆವ್‌ನ ಪಟ್ಟಿ: ಬೆಟ್ಟೆ, ಗೊರಬಲು, ರಾಶಿ, ಸರಕು. ಪ್ರೊಡ್‌ನ ಪಟ್ಟಿ: ಬೆಟ್ಟೆ, ರಾಶಿ, ಸರಕು. ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಹೋಲಿಸುತ್ತ ಹೋದರೆ ಬೆಟ್ಟೆ ಒಂದು ಸರಿ. ಆಮೇಲೆ ಗೊರಬಲಿಗೆ ರಾಶಿ, ರಾಶಿಗೆ ಸರಕು, ಸರಕಿಗೆ ಏನೂ ಇಲ್ಲ. ಮೂರು ತಪ್ಪು. ನಿಜವಾಗಿ ಆದದ್ದು ಒಂದೇ, ಗೊರಬಲು ಬಿಟ್ಟುಹೋಗಿದೆ. ಡಿಫ್ ಮೊದಲು ಎರಡೂ ಪಟ್ಟಿಗಳಲ್ಲಿ ಅದೇ ಕ್ರಮದಲ್ಲಿ ಸಿಗುವ ಅತಿ ಉದ್ದದ ಸರಣಿಯನ್ನು ಹುಡುಕುತ್ತದೆ. ಇಲ್ಲಿ ಅದು ಬೆಟ್ಟೆ, ರಾಶಿ, ಸರಕು. ಅದನ್ನು ಬದಿಗಿಟ್ಟು ಉಳಿದದ್ದನ್ನಷ್ಟೇ ವ್ಯತ್ಯಾಸ ಎಂದು ತೋರಿಸುತ್ತದೆ.

‘ಅದೇ ಕ್ರಮದಲ್ಲಿ’ ಎಂಬಲ್ಲಿ ಅದರ ಮಿತಿಯೂ ಇದೆ. ಡೇಟಾಬೇಸಿನಿಂದ ತೆಗೆದ ಫೈಲುಗಳಲ್ಲಿ ಸಾಲುಗಳ ಕ್ರಮಕ್ಕೆ ಖಾತ್ರಿಯಿಲ್ಲ. ಇಂತಿಂಥ ಕ್ರಮದಲ್ಲಿ ಕೊಡು ಎಂದು ಕೇಳದಿದ್ದರೆ ಅದಕ್ಕೆ ತೋಚಿದಂತೆ ಕೊಡುತ್ತದೆ. ಕ್ರಮ ಕಲೆಸಿದರೆ ಡಿಫ್ ಊರೆಲ್ಲ ಬೇರೆ ಎಂದು ಕೂಗುತ್ತದೆ.

ಅದಕ್ಕೆ ಪಟ್ಟಿಯಂಥ ಫೈಲುಗಳನ್ನು ಕೀಲಿ ಹಿಡಿದು ಹೋಲಿಸಬೇಕು. ಕೀಲಿ ಎಂದರೆ ಒಬ್ಬರಿಗೆ ಒಂದೇ ಇರುವ ಗುರುತು, ಇಲ್ಲಿ ಸದಸ್ಯತ್ವ ಸಂಖ್ಯೆ. ಹೆಸರು ಕೀಲಿಯಾಗದು. ನಮ್ಮ ಕಡೆ ಒಂದೇ ಗ್ರಾಮದಲ್ಲಿ ಮೂವರು ಮಂಜಪ್ಪ ಇರುತ್ತಾರೆ. ಹೋಲಿಸುವ ಮೊದಲು ಕೀಲಿ ಎರಡು ಸಲ ಬಂದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಒಂದೇ ಸಂಖ್ಯೆ ಅಲ್ಲಿ ಎರಡು ಸಲ, ಇಲ್ಲಿ ಎರಡು ಸಲ ಇದ್ದರೆ ಜೋಡಿಸುವಾಗ ನಾಲ್ಕು ಸಾಲು ಹುಟ್ಟುತ್ತವೆ.

ಕೀಲಿ ಹಿಡಿದು ಜೋಡಿಸಿದ ಮೇಲೆ ಪ್ರತಿ ಸಾಲು ನಾಲ್ಕರಲ್ಲಿ ಒಂದು ರಾಶಿಗೆ ಬೀಳುತ್ತದೆ: ಎರಡೂ ಕಡೆ ಇದ್ದು ಪೂರ್ತಿ ಒಂದೇ; ಡೆವ್‌ನಲ್ಲಿ ಮಾತ್ರ ಇದೆ; ಪ್ರೊಡ್‌ನಲ್ಲಿ ಮಾತ್ರ ಇದೆ; ಎರಡೂ ಕಡೆ ಇದೆ, ಆದರೆ ಯಾವುದೋ ಕಾಲಂ ಬೇರೆ. ನಮ್ಮ 12/3ರ ತೋಟ ಸಿಕ್ಕಿದ್ದು ಕೊನೆಯ ರಾಶಿಯಲ್ಲಿ.

ಇನ್ನೊಂದು, ಸಮಯ. ಜುಲೈನಲ್ಲಿ ಶಿವಮೊಗ್ಗದ ತುಂಗಾ ಸೇತುವೆ ಬಳಿ ಬೆಳಗ್ಗೆ ಹೋದವನು ಕೋರ್ಪಲಯ್ಯನ ಛತ್ರದ ಮಂಟಪ ಕಾಣುತ್ತಿದೆ ಎನ್ನುತ್ತಾನೆ, ಸಂಜೆ ಹೋದವನು ಮುಳುಗಿದೆ ಎನ್ನುತ್ತಾನೆ. ಇಬ್ಬರೂ ಸರಿಯೇ. ಪ್ರೊಡ್‌ನ ಫೈಲನ್ನು ವ್ಯವಹಾರದ ನಡುವೆ ಮಧ್ಯಾಹ್ನ ತೆಗೆದು ಹಿಂದಿನ ರಾತ್ರಿಯ ಪ್ರತಿಗೆ ಹೋಲಿಸಿದರೂ ಹೀಗೇ ಆಗುತ್ತದೆ. ದಿನದ ಲೆಕ್ಕ ಮುಚ್ಚಿದ ಮೇಲಿನ ಪ್ರತಿಗಳನ್ನೇ ತೆಗೆದುಕೊಳ್ಳಬೇಕು.

## ಶಿವಮೊಗ್ಗಕ್ಕೆ 24 ಬೈಟ್, ಶಿವಮೊಗ್ಗಕ್ಕೇ 27 ಬೈಟ್

ಕನ್ನಡದಂಥ ಲಿಪಿಗಳ ಫೈಲುಗಳಲ್ಲಿ ಒಂದು ಕಾಟವಿದೆ. ಇದರ ಹಿಂದೆ ನಾನು ಒಂದು ಇಡೀ ದಿನ ಕಳೆದಿದ್ದೇನೆ.

ಕಂಪ್ಯೂಟರಿನೊಳಗೆ ಅಕ್ಷರವೆಂದರೆ ಸಂಖ್ಯೆ. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ವ್ಯಂಜನ, ಸ್ವರಚಿಹ್ನೆ, ಅರ್ಧಚಿಹ್ನೆ ಒಂದೊಂದಕ್ಕೂ ಒಂದು ಸಂಖ್ಯೆ. ಯುಟಿಎಫ್-8 ರೂಪದಲ್ಲಿ ಉಳಿಸಿದರೆ ಪ್ರತಿ ಸಂಖ್ಯೆಗೆ ಮೂರು ಬೈಟ್ ಜಾಗ. ‘ಶಿವಮೊಗ್ಗ’ವನ್ನು ಬಿಡಿಸಿ: ಶ, ಗುಡಿಸು, ವ, ಮ, ಒತ್ವದ ಚಿಹ್ನೆ, ಗ, ಅರ್ಧಚಿಹ್ನೆ, ಗ. ಎಂಟು ಗುರುತು, 24 ಬೈಟ್.

ಆದರೆ ‘ಮೊ’ದಲ್ಲಿರುವ ಒತ್ವದ ಚಿಹ್ನೆಯನ್ನು ಎರಡು ತುಂಡಾಗಿಯೂ ಬರೆಯಲು ಯೂನಿಕೋಡ್ ಬಿಡುತ್ತದೆ, ಮೊದಲು ಎತ್ವ, ಅದರ ಹಿಂದೆ ಕೊಂಬಿನ ದೀರ್ಘ. ಹಾಗೆ ಬರೆದರೆ ಒಂಬತ್ತು ಗುರುತು, 27 ಬೈಟ್. ಪರದೆಯ ಮೇಲೆ ಎರಡೂ ಒಂದೇ ತರ ಕಾಣುತ್ತವೆ. ಕಣ್ಣಿಗೆ ಒಂದೇ ಊರು, ಡಿಫ್‌ಗೆ ಎರಡು ಊರು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಕಾಲದ ಹಳೆಯ ಪಟ್ಟಿಗಳನ್ನು ಯೂನಿಕೋಡಿಗೆ ತಿರುಗಿಸುವಾಗ ಒಂದು ಪರಿವರ್ತಕ ಒಂದು ರೀತಿ, ಇನ್ನೊಂದು ಇನ್ನೊಂದು ರೀತಿ ಬರೆಯುವುದುಂಟು. ಈ, ಏ, ಐ, ಓ ಸ್ವರಗಳ ಚಿಹ್ನೆಗಳಿಗೂ ಇದೇ ಇಬ್ಬಂದಿ.

ಪರಿಹಾರ ಸುಲಭ. ಹೋಲಿಸುವ ಮೊದಲು ಎರಡೂ ಫೈಲನ್ನು ಒಂದೇ ರೂಪಕ್ಕೆ ತರಬೇಕು, ಇದಕ್ಕೆ ನಾರ್ಮಲೈಸ್ ಮಾಡುವುದು ಎನ್ನುತ್ತಾರೆ. ಆದರೂ ಒಂದು ಮುಳ್ಳು ಉಳಿಯುತ್ತದೆ. ‘ಸತೀಶ್’ ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳ ಕೊನೆಗೆ ಕೆಲವು ಕೀಬೋರ್ಡುಗಳು ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಗುರುತನ್ನು ಸೇರಿಸುತ್ತವೆ. ನಾರ್ಮಲೈಸ್ ಮಾಡಿದರೂ ಅದು ಹೋಗುವುದಿಲ್ಲ, ಬೇರೆಯಾಗಿ ಹುಡುಕಿ ತೆಗೆಯಬೇಕು.

ಕಾಣದ ವ್ಯತ್ಯಾಸಗಳು ಇನ್ನೂ ಇವೆ. ಸಾಲು ಮುಗಿಯಿತು ಎನ್ನಲು ವಿಂಡೋಸ್ ಎರಡು ಗುರುತು ಹಾಕುತ್ತದೆ, ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಒಂದೇ. ಸಾಫ್ಟ್‌ವೇರ್ ಬರೆಯುವವರ ಲ್ಯಾಪ್‌ಟಾಪ್ ವಿಂಡೋಸ್, ಸರ್ವರ್ ಲಿನಕ್ಸ್ ಆಗಿದ್ದರೆ ಪ್ರತಿ ಸಾಲೂ ‘ಬೇರೆ’. ಸಿಎಸ್‌ವಿ, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಟ್ಟಿಯ ಫೈಲ್, ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಚಿತ್ರಲಿಪಿಯಾಗಿ ಕಾಣದಿರಲೆಂದು ಫೈಲಿನ ತಲೆಗೆ ಮೂರು ಬೈಟಿನ ಒಂದು ಗುರುತು ಅಂಟಿಸುತ್ತಾರೆ. ಅದು ಮೊದಲ ಕಾಲಂನ ಹೆಸರಿಗೆ ಅಂಟಿಕೊಂಡು, ಕಣ್ಣೆದುರೇ ಇರುವ ‘ಸದಸ್ಯ ಸಂಖ್ಯೆ’ ಕಾಲಂ ಇಲ್ಲವೇ ಇಲ್ಲ ಎಂದು ಪ್ರೋಗ್ರಾಂ ಹಟ ಹಿಡಿಯುತ್ತದೆ.

ಊರಿನ ಹೆಸರಿನದು ಬೇರೆಯೇ ಕತೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ‘ಶಿಮೊಗ’ ಹೋಗಿ ‘ಶಿವಮೊಗ್ಗ’ ಆಯಿತು. ಅದಕ್ಕೆ ಮೊದಲಿನ ಫೈಲಿನಲ್ಲಿ ಹಳೆಯದು, ಆಮೇಲಿನದರಲ್ಲಿ ಹೊಸದು. ಇದನ್ನು ಯಾವ ನಾರ್ಮಲೈಸೂ ಸರಿಮಾಡದು. ‘ಇದೆಂದರೆ ಅದು’ ಎಂದು ಯಾರಾದರೂ ಪಟ್ಟಿ ಬರೆದು ಕೊಡಬೇಕು.

## ಅಂಕಿಗಳ ಆಟ

ಕಂಪ್ಯೂಟರಿಗೆ 0.1 ಮತ್ತು 0.2 ಕೂಡಲು ಹೇಳಿದರೆ ಹೆಚ್ಚಿನ ಭಾಷೆಗಳಲ್ಲಿ ಬರುವ ಉತ್ತರ 0.30000000000000004. ಅದು ಎರಡರ ಮಗ್ಗಿಯಲ್ಲಿ ಲೆಕ್ಕ ಹಾಕುವುದರಿಂದ ನಮ್ಮ ದಶಾಂಶಗಳು ಅದಕ್ಕೆ ಪೂರ್ತಿ ಹಿಡಿಸುವುದಿಲ್ಲ. ಹಣವನ್ನು ಪೈಸೆಯ ಪೂರ್ಣಾಂಕವಾಗಿ ಇಟ್ಟರೆ ಈ ತಲೆನೋವು ಇಲ್ಲ. ರೌಂಡ್ ಮಾಡುವುದರಲ್ಲೂ ಪಂಥಗಳಿವೆ. 2.5ನ್ನು ಕೆಲವು ಭಾಷೆಗಳು 3 ಮಾಡುತ್ತವೆ, ಕೆಲವು ಹತ್ತಿರದ ಸಮಸಂಖ್ಯೆಗೆ ಎಳೆದು 2 ಮಾಡುತ್ತವೆ. ಬಡ್ಡಿಯಲ್ಲಿ ಒಂದು ರೂಪಾಯಿ ಆಚೀಚೆ ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಇದರ ಮೇಲೆ.

ಖಾಲಿ ಬೇರೆ, ಸೊನ್ನೆ ಬೇರೆ. ‘ಸಾಲ ಇಲ್ಲ’ ಎಂಬುದು ಸೊನ್ನೆ, ‘ಬರೆದಿಲ್ಲ’ ಎಂಬುದು ಖಾಲಿ. 00417 ಎಂಬ ಸದಸ್ಯ ಸಂಖ್ಯೆಯನ್ನು ಅಂಕಿ ಎಂದು ಓದಿದರೆ 417 ಆಗಿಬಿಡುತ್ತದೆ, ಕೀಲಿಯೇ ಕಳೆದುಹೋಗುತ್ತದೆ.

12/3 ಮಾರ್ಚ್ ಆದದ್ದೂ ಇಂಥದ್ದೇ. ಪ್ರೊಡ್‌ಗೆ ಏರಿಸುವ ಮುನ್ನ ಯಾರೋ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು, ಒಂದು ಹೆಸರು ತಿದ್ದಿ, ಉಳಿಸಿದ್ದರು. ತಾರೀಖಿನಂತೆ ಕಂಡದ್ದನ್ನೆಲ್ಲ ಎಕ್ಸೆಲ್ ತಾರೀಖು ಮಾಡಿತು. 114/2ರಂಥವು ತಾರೀಖಾಗಲು ಸಾಧ್ಯವಿಲ್ಲದ್ದರಿಂದ ಹಾಗೇ ಉಳಿದವು. ಅದಕ್ಕೇ ಮೇಲಿನ ನಾಲ್ಕು ಸಾಲು ನೋಡಿದವರಿಗೆ ಏನೂ ಕಾಣಲಿಲ್ಲ. ಇದು ನಮ್ಮ ಹಳ್ಳಿಯ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಮಾರ್ಚ್1, ಸೆಪ್ಟ್1 ಎಂಬ ಚುಟುಕು ಹೆಸರಿನ ಮಾನವ ವಂಶವಾಹಿಗಳನ್ನು ಎಕ್ಸೆಲ್ ತಾರೀಖು ಮಾಡುತ್ತಲೇ ಹೋದದ್ದರಿಂದ ವಿಜ್ಞಾನಿಗಳು ಬೇಸತ್ತು, ಅಂಥ ವಂಶವಾಹಿಗಳ ಹೆಸರನ್ನೇ ಬದಲಿಸಿದ್ದನ್ನು 2020ರಲ್ಲಿ ಪ್ರಕಟಿಸಿದರು.

## ಹೋಲಿಸಲು ಹೋಗಿ ಗುಟ್ಟು ಬಿಟ್ಟುಕೊಡಬೇಡಿ

ಪ್ರೊಡ್‌ನ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಲ್ಯಾಪ್‌ಟಾಪಿಗೆ ತಂದು ಹೋಲಿಸುವುದು ಎಲ್ಲಕ್ಕಿಂತ ಸುಲಭದ ದಾರಿ, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. ಅದರಲ್ಲಿ ಜನರ ಆಧಾರ್ ಸಂಖ್ಯೆ, ಫೋನ್, ಸಾಲದ ಬಾಕಿ ಎಲ್ಲ ಇರುತ್ತದೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ 2023ರಲ್ಲಿ ದೇಶಕ್ಕೆ ಕಾಯ್ದೆ ಬಂದಿದೆ.

ಒಂದೇ ಪ್ರೋಗ್ರಾಂ ಅನ್ನು ಎರಡೂ ಕಡೆ ಅಲ್ಲಲ್ಲೇ ಓಡಿಸಿ, ಪ್ರತಿ ಸಾಲಿನ ಹ್ಯಾಶ್ ಮಾತ್ರ ಹೊರಗೆ ತಂದು ಹೋಲಿಸಬಹುದು. ಆದರೆ ಫೋನ್ ನಂಬರಿನ ಬರಿಯ ಹ್ಯಾಶ್ ಗುಟ್ಟಲ್ಲ. ಹತ್ತು ಅಂಕಿಯ ನಂಬರುಗಳು ಹೆಚ್ಚೆಂದರೆ ಸಾವಿರ ಕೋಟಿ, ಅಷ್ಟಕ್ಕೂ ಹ್ಯಾಶ್ ಹಾಕಿ ಯಾವುದು ಕೂಡುತ್ತದೆ ಎಂದು ನೋಡುವುದು ಇವತ್ತಿನ ಕಂಪ್ಯೂಟರಿಗೆ ದೊಡ್ಡ ಕೆಲಸವೇ ಅಲ್ಲ. ಹೊರಗಿನವರಿಗೆ ತಿಳಿಯದ ಒಂದು ಗುಪ್ತಪದವನ್ನು ಬೆರೆಸಿ ಹ್ಯಾಶ್ ಮಾಡಬೇಕು.

## ತೀರ್ಥಹಳ್ಳಿಯ ಕತೆ ಮುಗಿದದ್ದು

‘12-ಮಾರ್ಚ್’ ಎಂಬುದನ್ನು ಮತ್ತೆ 12/3 ಮಾಡಿದರಾಯಿತಲ್ಲ ಎಂದು ಮೊದಲು ಎಲ್ಲರಿಗೂ ಅನ್ನಿಸಿತು. ಆಗುವುದಿಲ್ಲ. 12/3, 12-3, 12/03, ಮೂರನ್ನೂ ಎಕ್ಸೆಲ್ ಅದೇ ತಾರೀಖು ಮಾಡುತ್ತದೆ. ಬಂದ ದಾರಿಯಲ್ಲಿ ವಾಪಸು ಹೋಗಲು ಗುರುತೇ ಉಳಿಯುವುದಿಲ್ಲ. ಪುಣ್ಯಕ್ಕೆ ಟೆಸ್ಟ್ ಮಾಡಿದ ಡೆವ್ ಯಂತ್ರದಲ್ಲಿ ಎಕ್ಸೆಲ್ ಮುಟ್ಟದ ಮೂಲ ಫೈಲ್ ಇತ್ತು. ಸದಸ್ಯ ಸಂಖ್ಯೆ ಹಿಡಿದು ಎರಡನ್ನೂ ಜೋಡಿಸಿ, ಸರ್ವೆ ನಂಬರ್ ಬೇರೆಯಾದ ಸಾಲುಗಳನ್ನಷ್ಟೇ ಪ್ರಿಂಟ್ ತೆಗೆದು, ಹುಡುಗ ಒಂದೊಂದನ್ನೂ ಪಹಣಿಗೆ ತಾಳೆ ನೋಡಿ ಟಿಕ್ ಹಾಕುತ್ತ ಹೋದ.

ಕೊನೆಗೆ ಒಂದು ಸಾಲು ಉಳಿಯಿತು. ಡೆವ್‌ನಲ್ಲಿ 114/2, ಪ್ರೊಡ್‌ನಲ್ಲಿ 114/5. ತಾರೀಖಿನ ಗೊಂದಲವಲ್ಲ, ಎಕ್ಸೆಲ್ ಚೇಷ್ಟೆಯೂ ಅಲ್ಲ. ಪಹಣಿ ತೆಗೆಸಿದರೆ 114/5 ಎಂದೇ ಬಂತು. ಅಣ್ಣ ತಮ್ಮ ಪಾಲಾಗಿ, ಪೋಡಿಯಾಗಿ, ಹೊಸ ನಂಬರ್ ಬಿದ್ದಿತ್ತು. ಡೆವ್‌ನ ಪ್ರತಿ ಅದಕ್ಕೆ ಮೊದಲಿನದು. ಹುಡುಗ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ‘ಸರಿ ಇದೆ, ಮುಟ್ಟಬೇಡಿ’ ಎಂದು ಬರೆದು ಪ್ರಿಂಟನ್ನು ಫೈಲಿಗೆ ಹಾಕಿದ.